ಹಜಾರದ ಮಾತು: ಮನೆಯ ಜಮಾಖರ್ಚು, ಬೊಕ್ಕಸದ ಜಮಾಖರ್ಚು

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗ ಯಾರಿದ್ದಾನೆ? ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಮನೆ ಹೂಡಿದ ನಮ್ಮವರಿಗಂತೂ ಇದು ಗಾದೆಯಲ್ಲ, ನಿತ್ಯದ ಜಪ. ಖೋಲಿಯ ಬಾಡಿಗೆ, ಮಕ್ಕಳ ಫೀಸು, ಊರಿನಲ್ಲಿರುವ ತಾಯಿಯ ಔಷಧ, ತಂಗಿಯ ಮದುವೆಗೆ ತೆಗೆದ ಸಾಲದ ಕಂತು, ಇಷ್ಟೆಲ್ಲವನ್ನೂ ಒಂದು ಪಗಾರದೊಳಗೆ ಹೊಂದಿಸುವ ಗೃಹಿಣಿಗೆ ಯಾವ ಅರ್ಥಸಚಿವನೂ ಪಾಠ ಹೇಳಬೇಕಾಗಿಲ್ಲ.

ಇಂಥ ಮನೆಗಳವರು ಬೆಳಗಿನ ಪತ್ರಿಕೆಯಲ್ಲಿ ಸರಕಾರದ ಮುಂಗಡಪತ್ರಕ್ಕೆ ಇಷ್ಟು ಲಕ್ಷ ಕೋಟಿ ರೂಪಾಯಿ ಕೊರತೆ ಎಂದು ಓದಿದಾಗ ಸಿಡಿಮಿಡಿಗೊಳ್ಳುವುದು ಸಹಜವೇ. ಮೊನ್ನೆ ಸಂಘದ ವಾಚನಾಲಯದಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, "ಅಲ್ರೀ, ಪಗಾರ ಕಡಿಮಿ ಆದ್ರ ನಾವು ಖರ್ಚು ಕಡಿಮಿ ಮಾಡ್ತೀವಿ. ಸರಕಾರಕ್ಕ ಯಾಕ ಬ್ಯಾರೆ ನ್ಯಾಯ? ಧಂಧೆ ಕುಸಿದಾಗ ಅದೂ ಕೈ ಬಿಗಿ ಹಿಡೀಬೇಕಲ್ಲ?" ಎಂದು ಕೇಳಿದರು. ಪ್ರಶ್ನೆ ಹಳೆಯದು, ಆದರೆ ತೂಕದ್ದು. ನಿಂತ ನಿಲುವಿನಲ್ಲಿ ಉತ್ತರ ಹೇಳುವಂಥದಲ್ಲವಾದ್ದರಿಂದ ಈ ಸಲದ ಹಜಾರದ ಮಾತನ್ನು ಅದಕ್ಕೇ ಮೀಸಲಿಡುತ್ತೇನೆ.

ಮುಂಬಯಿಯಲ್ಲಿ ಗಿರಣಿಗಳು ಓಡುತ್ತಿದ್ದ ಕಾಲದ ಲಾಲಬಾಗ-ಪರಳದ ಒಂದು ಬೀದಿಯನ್ನು ಕಲ್ಪಿಸಿಕೊಳ್ಳಿರಿ. ಅಲ್ಲಿ ನಮ್ಮವರದೊಂದು ಖಾನಾವಳಿ. ಊಟಕ್ಕೆ ಬರುವವರು ನೂರು ಜನ. ಅವರಲ್ಲಿ ಒಬ್ಬ, ಊರಿಗೆ ನಾಲ್ಕು ಕಾಸು ಹೆಚ್ಚು ಕಳಿಸಬೇಕೆಂದು ರಾತ್ರಿಯೂಟ ಬಿಟ್ಟು ಚಹ-ಪಾವಿನಲ್ಲಿ ದಿನ ಕಳೆದನೆನ್ನಿ. ಅವನ ಕಿಸೆಯಲ್ಲಿ ಹಣ ಉಳಿಯುವುದು ನಿಜ. ಖಾನಾವಳಿಗೆ ಅದರ ಅರಿವೂ ಆಗದು. ಆದರೆ ಗಿರಣಿಗೆ ಬೀಗ ಬೀಳುತ್ತದಂತೆ ಎಂಬ ಸುದ್ದಿ ಹಬ್ಬಿ, ನೂರು ಜನರೂ ಒಟ್ಟಿಗೆ ರಾತ್ರಿಯೂಟ ಬಿಟ್ಟರೆ? ಮಾಲಕ ಇಬ್ಬರು ಅಡಿಗೆಯವರಲ್ಲಿ ಒಬ್ಬನನ್ನು ಊರಿಗೆ ಕಳಿಸುತ್ತಾನೆ. ತರಕಾರಿಯವಳಿಗೆ 'ನಾಳೆಯಿಂದ ಅರ್ಧ ಸಾಕು' ಎನ್ನುತ್ತಾನೆ. ಹಾಲಿನವನಿಗೂ ಅದೇ ಮಾತು. ಅಡಿಗೆಯವನು ಅಂಗಿ ಹೊಲಿಸುವುದನ್ನು ಬಿಡುತ್ತಾನೆ, ತರಕಾರಿಯವಳು ಮಗಳಿಗೆ ಸೀರೆ ಕೊಳ್ಳುವುದನ್ನು ಬಿಡುತ್ತಾಳೆ. ಆ ಅಂಗಿಯ ಅರಿವೆಯನ್ನೂ ಆ ಸೀರೆಯನ್ನೂ ನೇಯುತ್ತಿದ್ದವರು ಯಾರು? ಊಟ ಬಿಟ್ಟು ಹಣ ಉಳಿಸಿದ ಆ ನೂರು ಜನರೇ! ಬೀಗ ಬೀಳುತ್ತದೆಂದು ಹೆದರಿದ್ದಕ್ಕೇ ಬೀಗ ಬಿದ್ದಂತಾಯಿತು.

ನನ್ನ ಖರ್ಚೇ ಮತ್ತೊಬ್ಬನ ವರಮಾನ. ಒಂದು ಮನೆಯ ಮಟ್ಟಿಗೆ ಇದನ್ನು ಮರೆತರೂ ನಡೆಯುತ್ತದೆ. ಏಕೆಂದರೆ ಒಂದು ಮನೆ ಕೈ ಬಿಗಿ ಹಿಡಿದರೆ ಅದರ ಯಜಮಾನನ ಪಗಾರವೇನೂ ಕಡಮೆಯಾಗದು. ಸರಕಾರದ ಸಂಗತಿ ಹಾಗಲ್ಲ. ಅದು ಬೀದಿಯಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ. ಮೇಲಾಗಿ ಅದರ ವರಮಾನವೆಂದರೆ ನಮ್ಮೆಲ್ಲರ ವರಮಾನದಲ್ಲಿ, ನಮ್ಮೆಲ್ಲರ ಕೊಳ್ಳುವಿಕೆಯಲ್ಲಿ ಕತ್ತರಿಸಿಕೊಂಡ ಒಂದು ಪಾಲು. ವ್ಯಾಪಾರ ಕುಸಿದಾಗ ತೆರಿಗೆ ತಾನಾಗಿಯೇ ಇಳಿಯುತ್ತದೆ. ಕೆಲಸ ಕಳಕೊಂಡವರಿಗೆ ಕೊಡಬೇಕಾದ್ದು ತಾನಾಗಿಯೇ ಏರುತ್ತದೆ. ಕೊರತೆ ಹುಟ್ಟುವುದು ಅಲ್ಲಿ. ಅದನ್ನು ಮುಚ್ಚಲು ಸರಕಾರ ಖರ್ಚಿಗೆ ಕತ್ತರಿ ಹಾಕಿದರೆ ಇನ್ನಷ್ಟು ಜನರ ವರಮಾನ ಇಳಿದು, ತೆರಿಗೆಯೂ ಇನ್ನಷ್ಟು ಇಳಿಯುತ್ತದೆ. ತನ್ನ ನೆರಳನ್ನು ತಾನೇ ಹಿಡಿಯಲು ಓಡಿದ ಹಾಗೆ.

ಇದು ಬರಿಯ ತರ್ಕವೆನ್ನುವವರಿಗಾಗಿ 1931ನೆಯ ವರ್ಷವನ್ನು ಸ್ವಲ್ಪ ಬಿಚ್ಚಿ ನೋಡೋಣ. ಲಂಡನ್ನಿನಲ್ಲಿ ತೊಡಗಿದ ಕಥೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಬಳೆ-ಸರಗಳವರೆಗೆ ಬಂದು ಮುಟ್ಟಿತು.

1929ರ ಅಕ್ಟೋಬರದಲ್ಲಿ ನ್ಯೂಯಾರ್ಕಿನ ಶೇರುಪೇಟೆ ಕುಸಿಯಿತಷ್ಟೆ. ಎರಡು ವರ್ಷಗಳಲ್ಲಿ ಮುಗ್ಗಟ್ಟು ಲೋಕಕ್ಕೆಲ್ಲ ಹಬ್ಬಿತು. ಇಂಗ್ಲಂಡಿನಲ್ಲಿ ಆಗ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡರ ಕಾರ್ಮಿಕ ಪಕ್ಷದ ಸರಕಾರ. ಅರ್ಥಸಚಿವ ಫಿಲಿಪ್ ಸ್ನೋಡನ್. ಬಡವರ ಪಕ್ಷದವನಾದರೂ ಈತ ಜಮಾಖರ್ಚಿನ ವಿಷಯದಲ್ಲಿ ಯಾವ ಸಾಹುಕಾರನಿಗೂ ಬಿಟ್ಟುಕೊಡದ ಕಟ್ಟುನಿಟ್ಟಿನ ಮನುಷ್ಯ. ಮಿತವ್ಯಯದ ದಾರಿ ಹುಡುಕಲೆಂದು ಒಂದು ಸಮಿತಿಯನ್ನು ನೇಮಿಸಲಾಯಿತು. ಅದರ ಅಧ್ಯಕ್ಷ ಸರ್ ಜಾರ್ಜ್ ಮೇ, ದೊಡ್ಡ ವಿಮಾ ಕಂಪನಿಯೊಂದರಲ್ಲಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. 1931ರ ಜುಲೈ 31ರಂದು ಹೊರಬಿದ್ದ ಅವರ ವರದಿ, ಬರುವ ವರ್ಷ ಬೊಕ್ಕಸಕ್ಕೆ 12 ಕೋಟಿ ಪೌಂಡಿನ ಕೊರತೆ ಬೀಳುತ್ತದೆಂದು ಸಾರಿತು. ಲೋಕವೆಲ್ಲ ಹೌಹಾರಿತು. ಆದರೆ ಆ 12 ಕೋಟಿಯಲ್ಲಿ 5 ಕೋಟಿ, ಹಳೆಯ ಯುದ್ಧದ ಸಾಲ ತೀರಿಸಲು ವರ್ಷವರ್ಷವೂ ಎತ್ತಿಡುತ್ತಿದ್ದ ಗಂಟು! ಮನೆಯಲ್ಲಿ ಕಾಯಿಲೆ ಬಿದ್ದ ತಿಂಗಳಿನಲ್ಲಿ, ಈ ಸಲ ಚೀಟಿಗೆ ಹಣ ಕಟ್ಟಲಾಗಲಿಲ್ಲವೆಂದು 'ದಿವಾಳಿಯೆದ್ದೆವು' ಎಂದು ಬೀದಿಯಲ್ಲಿ ಕೂಗಿದಂತೆ.

ಸಮಿತಿಯ ಸಲಹೆ ಏನು? ಒಂಬತ್ತೂವರೆ ಕೋಟಿ ಪೌಂಡಿಗೂ ಮಿಕ್ಕಿ ಖರ್ಚು ಕಡಿಯಬೇಕು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಿರುದ್ಯೋಗಿಗಳ ಬಾಬಿನಿಂದಲೇ ಬರಬೇಕು. ನಿರುದ್ಯೋಗಿಗಳು ಆಗ 27 ಲಕ್ಷದ ಆಸುಪಾಸು. ನೆಗಡಿಯಾಯಿತೆಂದು ಮೂಗು ಕೊಯ್ಯುವುದು ಹಾಗಿರಲಿ, ನೆಗಡಿಯಾದದ್ದು ಒಬ್ಬನಿಗೆ, ಕೊಯ್ಯುವುದು ಮತ್ತೊಬ್ಬನ ಮೂಗು!

ಇದರ ತೀರ ವಿರುದ್ಧವಾದ ಮಾತನ್ನು ಅದೇ ವರ್ಷದ ಜನವರಿಯಲ್ಲಿ ಬಿ.ಬಿ.ಸಿ. ಬಾನುಲಿಯಲ್ಲಿ ಒಬ್ಬಾತ ಆಡಿದ್ದ. ಆತ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್. ಹರೆಯದಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಎರಡು ವರ್ಷ ಕಾರಕೂನಿಕೆ ಮಾಡಿ, ನಮ್ಮ ರೂಪಾಯಿಯ ಮೇಲೆಯೇ 1913ರಲ್ಲಿ ಪುಸ್ತಕ ಬರೆದ ಮನುಷ್ಯ. ಬಾನುಲಿಯಲ್ಲಿ ಆತ ಮಂತ್ರಿಗಳನ್ನಲ್ಲ, ಗೃಹಿಣಿಯರನ್ನು ಉದ್ದೇಶಿಸಿ ಮಾತನಾಡಿದ. ಅಂಗಡಿಗಳಲ್ಲಿ ಚಳಿಗಾಲದ ಅಗ್ಗದ ಮಾರಾಟ ನಡೆದಿದೆ. ನಾಳೆಯೇ ಹೋಗಿ ಮನೆಗೆ ಬೇಕಾದ ಹಾಸು-ಹೊದಿಕೆ ಕೊಳ್ಳಿರಿ. ನೀವು ಉಳಿಸುವ ಪ್ರತಿ ಐದು ಶಿಲ್ಲಿಂಗೂ ಒಬ್ಬಾತನ ಒಂದು ದಿನದ ಕೆಲಸವನ್ನು ಕಳೆಯುತ್ತದೆ, ಎಂಬುದು ಆತನ ಮಾತಿನ ಸಾರ. (ಈ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಬೇಕೋ ಬೇಡವೋ ಎಂಬುದನ್ನು ಆಯಾ ಮನೆಯ ಯಜಮಾನರ ಧೈರ್ಯಕ್ಕೆ ಬಿಟ್ಟಿದ್ದೇನೆ.) ಉಳಿತಾಯ ಕೆಟ್ಟದ್ದೆಂದು ಆತ ಹೇಳಲಿಲ್ಲ. ಎಲ್ಲರೂ ಒಮ್ಮೆಗೇ ಉಳಿಸಹೊರಟರೆ ಉಳಿಸುವುದಕ್ಕೆ ವರಮಾನವೇ ಇರದೆ ಹೋಗುತ್ತದೆ ಎಂದ, ಅಷ್ಟೆ. ಮಂತ್ರಿಗಳು ಕೇಳಲಿಲ್ಲ.

ಕೇಳದಿದ್ದುದಕ್ಕೆ ಕಾರಣವೂ ಇತ್ತು, ಅವರೇನೂ ದಡ್ಡರಲ್ಲ. ಪೌಂಡಿನ ನೋಟಿಗೆ ಗೊತ್ತಾದಷ್ಟು ಬಂಗಾರ ಕೊಡುತ್ತೇವೆಂಬ ಕಟ್ಟುಪಾಡಿಗೆ ಇಂಗ್ಲಂಡು ಒಳಪಟ್ಟಿತ್ತು. ಹೆದರಿದ ಪರದೇಶದ ಹಣವಂತರು ನೋಟು ಕೊಟ್ಟು ಬಂಗಾರ ಒಯ್ಯತೊಡಗಿದ್ದರು. ಅವರ ವಿಶ್ವಾಸ ಗಳಿಸಲು, ನ್ಯೂಯಾರ್ಕಿನ ಬ್ಯಾಂಕುಗಳಿಂದ ಸಾಲ ಹುಟ್ಟಿಸಲು, ಕತ್ತರಿ ಹಿಡಿದು ತೋರಿಸಲೇಬೇಕಾಗಿತ್ತು. ನಿರುದ್ಯೋಗಿಗಳ ಭತ್ಯದಲ್ಲಿ ನೂರಕ್ಕೆ ಹತ್ತು ಕಡಿಯುವ ಪ್ರಶ್ನೆ ಆಗಸ್ಟ್ 23ರಂದು ಮಂತ್ರಿಮಂಡಲದ ಮುಂದೆ ಬಂದಾಗ ಹನ್ನೊಂದು ಜನ ಹೂಂ ಎಂದರು, ಒಂಬತ್ತು ಜನ ಉಹೂಂ ಎಂದರು. ಮರುದಿನ ಸರಕಾರವೇ ಉರುಳಿತು. ಮ್ಯಾಕ್‌ಡೊನಾಲ್ಡ್ ವಿರೋಧಿಗಳನ್ನು ಕೂಡಿಕೊಂಡು 'ರಾಷ್ಟ್ರೀಯ ಸರಕಾರ' ಕಟ್ಟಿದರು. ಅವರ ಪಕ್ಷ ಅವರನ್ನು ಹೊರಗೆ ಹಾಕಿತು. ಸೆಪ್ಟೆಂಬರ್ 10ರ ಮುಂಗಡಪತ್ರದಲ್ಲಿ ಕತ್ತರಿ ಆಡಿತು. ಕೆಲಸವಿಲ್ಲದ ಗಂಡಾಳಿಗೆ ವಾರಕ್ಕೆ ಸಿಗುತ್ತಿದ್ದ 17 ಶಿಲ್ಲಿಂಗು 15 ಶಿಲ್ಲಿಂಗು 3 ಪೆನ್ನಿಗೆ ಇಳಿಯಿತು. ಉಪಾಧ್ಯಾಯರಿಗೂ ಪೋಲೀಸರಿಗೂ ಸಂಬಳ ಇಳಿಯಿತು.

ನೌಕಾಪಡೆಯಲ್ಲಿ ಆದದ್ದು ಇನ್ನೂ ವಿಚಿತ್ರ. ಮೇಲಿನ ಅಧಿಕಾರಿಗಳಿಗೆ ನೂರಕ್ಕೆ ಹತ್ತರ ಸುಮಾರಿಗೆ ಕಡಿತವಾದರೆ, ದಿನಕ್ಕೆ 4 ಶಿಲ್ಲಿಂಗು ಪಡೆಯುತ್ತಿದ್ದ ಹಳೆಯ ನಾವಿಕನಿಗೆ 3 ಶಿಲ್ಲಿಂಗು. ಅಂದರೆ ನೂರಕ್ಕೆ ಇಪ್ಪತ್ತೈದು ಖೋತಾ! ಸ್ಕಾಟ್ಲಂಡಿನ ಇನ್ವರ್‌ಗೋರ್ಡನ್ ಬಂದರದಲ್ಲಿ ನಿಂತಿದ್ದ ಹಡಗುಗಳ ನಾವಿಕರು ಸೆಪ್ಟೆಂಬರ್ 15ರಂದು ಲಂಗರೆತ್ತಲು ಒಪ್ಪಲಿಲ್ಲ. ಎರಡು ದಿನ ಬ್ರಿಟಿಷ್ ಸಾಮ್ರಾಜ್ಯದ ನೌಕಾಪಡೆಯೇ ಮುಷ್ಕರ ಹೂಡಿತೆಂಬ ಸುದ್ದಿ ಕೇಳಿ ಪರದೇಶದ ಹಣವಂತರು ಬಂಗಾರಕ್ಕೆ ಇನ್ನಷ್ಟು ಮುಗಿಬಿದ್ದರು. ಪೌಂಡಿನ ಮರ್ಯಾದೆ ಉಳಿಸಲೆಂದು ಮಾಡಿದ ಕಡಿತವೇ ಪೌಂಡಿನ ಕಾಲು ಜಾರಿಸಿತು. ಸೆಪ್ಟೆಂಬರ್ 21ರಂದು ಇಂಗ್ಲಂಡು ಬಂಗಾರದ ಕಟ್ಟುಪಾಡನ್ನು ಬಿಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ. 1932ರ ಜೂನಿನಲ್ಲಿ ಬ್ಯಾಂಕಿನ ಬಡ್ಡಿಯ ದರ ನೂರಕ್ಕೆ ಎರಡಕ್ಕೆ ಇಳಿದು, ಜನ ಅಗ್ಗದ ಸಾಲ ತೆಗೆದು ಮನೆ ಕಟ್ಟಿಸತೊಡಗಿದ ಮೇಲೆ ಇಂಗ್ಲಂಡು ಮೆಲ್ಲಗೆ ಚೇತರಿಸಿತು. ಕಡಿತದಿಂದ ಕೆಲಸ ಹುಟ್ಟಲಿಲ್ಲ. 1933ರ ಆರಂಭಕ್ಕೆ ನಿರುದ್ಯೋಗಿಗಳ ಲೆಕ್ಕ ಮೂವತ್ತು ಲಕ್ಷದ ಸಮೀಪ ಹೋಗಿತ್ತು.

ಇನ್ನು ನಮ್ಮ ಕಡೆಗೆ ಬರೋಣ. ಇಂಗ್ಲಂಡಾದರೂ ಬಂಗಾರದ ಕಟ್ಟು ಬಿಚ್ಚಿಕೊಂಡು ಉಸಿರಾಡಿತು; ಹಿಂದುಸ್ತಾನಕ್ಕೆ ಆ ಭಾಗ್ಯವಿರಲಿಲ್ಲ. ರೂಪಾಯಿಯನ್ನು 1 ಶಿಲ್ಲಿಂಗು 6 ಪೆನ್ನಿಯ ದರದಲ್ಲಿ ಪೌಂಡಿನ ಬಾಲಕ್ಕೆ ಕಟ್ಟಿದ್ದರು, ಅದು ಅಲುಗಬಾರದು. ಲಂಡನ್ನಿಗೆ ಪಿಂಚಣಿ, ಬಡ್ಡಿ ಮುಂತಾಗಿ ವರ್ಷವರ್ಷ ಕಳಿಸಬೇಕಾದ ಕಪ್ಪ ತಪ್ಪಬಾರದು. ಆದ್ದರಿಂದ ದಿಲ್ಲಿಯ ಮುಂಗಡಪತ್ರ ಸರಿದೂಗಲೇಬೇಕು. ವೈಸರಾಯರ ಸರಕಾರದಲ್ಲಿ ಹಣಕಾಸು ನೋಡುತ್ತಿದ್ದ ಸರ್ ಜಾರ್ಜ್ ಶುಸ್ಟರ್ 1931ರ ಸೆಪ್ಟೆಂಬರ್ ಕೊನೆಗೆ ತುರ್ತಿನ ಮುಂಗಡಪತ್ರವನ್ನು ತಂದರು. ಇದ್ದ ತೆರಿಗೆಗಳ ಮೇಲೆ ನೂರಕ್ಕೆ ಇಪ್ಪತ್ತೈದರ ಮೇಲುತೆರಿಗೆ. ತೀರ ಸಣ್ಣ ಸಂಬಳದವರನ್ನು ಬಿಟ್ಟು ಉಳಿದ ಸರಕಾರಿ ನೌಕರರ ಸಂಬಳದಲ್ಲಿ ನೂರಕ್ಕೆ ಹತ್ತು ಖೋತಾ. ಅದರಲ್ಲಿ ಅರ್ಧ 1933ರಲ್ಲೂ ಉಳಿದರ್ಧ 1935ರಲ್ಲೂ ಮರಳಿತು. ರೈಲ್ವೆಯಲ್ಲಿ ಸಾವಿರಾರು ಜನ ಕೆಲಸ ಕಳಕೊಂಡರು. ಅರ್ಧ ಆಣೆಯ ಕಾರ್ಡು ಮುಕ್ಕಾಲು ಆಣೆಯಾಯಿತು. ಊರಿನಿಂದ ದೂರ ಬಂದ ನಮ್ಮಂಥವರ ಹಿರಿಯರಿಗೆ 'ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು' ಎಂಬ ನಾಲ್ಕು ಗೆರೆಯೂ ತುಟ್ಟಿಯಾಯಿತು. ಉಪ್ಪಿನ ಮೇಲಿನ ಕರವೂ ಮಣಕ್ಕೆ ಒಂದೂಕಾಲು ರೂಪಾಯಿಯಿಂದ 1 ರೂಪಾಯಿ 9 ಆಣೆಗೆ ಏರಿತು. ಗಾಂಧೀಜಿಯವರ ದಂಡಿಯಾತ್ರೆ ನಡೆದು ಒಂದೂವರೆ ವರ್ಷವಷ್ಟೇ ಆಗಿತ್ತೆಂಬುದನ್ನು ನೆನೆದರೆ, ಮುಂಗಡಪತ್ರ ಸರಿದೂಗಿಸುವ ಹಟಕ್ಕೆ ಎಂಥ ಕಣ್ಣುಕಟ್ಟು ಇರುತ್ತದೆಂಬುದು ತಿಳಿಯುತ್ತದೆ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ರೈತನಿಗೆ. ಹೊಲದ ಮಾಲಿನ ಬೆಲೆ ಎರಡು ಮೂರು ವರ್ಷಗಳಲ್ಲಿ ಹೆಚ್ಚುಕಡಮೆ ಅರ್ಧಕ್ಕೆ ಇಳಿದಿತ್ತು. ಭೂಕಂದಾಯ ಮಾತ್ರ ರೂಪಾಯಿಯಲ್ಲಿ ಗೊತ್ತಾದದ್ದು. ಮುಂಬಯಿ ಇಲಾಖೆಯ ರೈತವಾರಿ ಪದ್ಧತಿಯಲ್ಲಿ ಮೂವತ್ತು ವರ್ಷಕ್ಕೊಮ್ಮೆ ನಿಗದಿಯಾದದ್ದು. ಒಂದು ಚೀಲ ಮಾರಿ ಕಟ್ಟುತ್ತಿದ್ದ ಕಂದಾಯಕ್ಕೆ ಎರಡು ಚೀಲ ಮಾರಬೇಕಾಯಿತು. ಸಾಹುಕಾರನ ಬಡ್ಡಿಗೂ ಹಾಗೆಯೇ. ಅಂಕೋಲೆ, ಸಿದ್ದಾಪುರ, ಹಿರೇಕೆರೂರು ತಾಲೂಕುಗಳಲ್ಲಿ 1930ರಿಂದ 32ರ ಅವಧಿಯಲ್ಲಿ ಕರನಿರಾಕರಣೆಯ ಚಳವಳಿ ನಡೆದು, ಕಂದಾಯ ಕೊಡೆವೆಂದ ರೈತರ ಹೊಲಮನೆಗಳು ಜಪ್ತಿಯಾದದ್ದು ಕನ್ನಡಿಗರೆಲ್ಲ ಬಲ್ಲ ಕಥೆ. ಅವರನ್ನು ಎಬ್ಬಿಸಿದ್ದು ಸ್ವಾತಂತ್ರ್ಯದ ಕರೆ; ಸಂಶಯವಿಲ್ಲ. ಆದರೆ ಬೆಲೆ ಬಿದ್ದ ಕಾಲದಲ್ಲಿ ಅದೇ ಕಂದಾಯ ಎರಡು ಪಟ್ಟು ಭಾರವಾಗಿ ಹೆಗಲಿಗೆ ಕೂತದ್ದನ್ನೂ ಆ ಕಥೆಯೊಡನೆ ಹೇಳಬೇಕು.

ಉಳಿದವರು ಏನು ಮಾಡಿದರು? ಪೌಂಡಿನೊಡನೆ ರೂಪಾಯಿಯೂ ಬಂಗಾರದ ಎದುರಿಗೆ ಇಳಿದದ್ದರಿಂದ ಚಿನ್ನಕ್ಕೆ ಬೆಲೆ ಬಂತು. ಮನೆಯ ಹೆಣ್ಣುಮಕ್ಕಳ ಮೈಮೇಲಿನ ಒಡವೆ ಸರಾಫರ ತಕ್ಕಡಿಗೆ ಇಳಿಯಿತು. ಅಲ್ಲಿಂದ ಕರಗಿ ಗಟ್ಟಿಯಾಗಿ, ಮುಂಬಯಿ ಬಂದರದಿಂದ ಹಡಗೇರಿ ಲಂಡನ್ನಿಗೆ ಹೋಯಿತು. ನಾಲ್ಕೈದು ವರ್ಷಗಳಲ್ಲಿ ಹೀಗೆ ಹೋದ ಚಿನ್ನ ಇನ್ನೂರು ಕೋಟಿ ರೂಪಾಯಿಗೂ ಮಿಕ್ಕಿದ್ದು, ಅದೂ ಆಗಿನ ರೂಪಾಯಿ! ಲಂಡನ್ನಿನ ಕಪ್ಪ ಸಲೀಸಾಗಿ ಸಂದಿತು. ದಿಲ್ಲಿಯ ಪುಸ್ತಕದಲ್ಲಿ ಜಮಾ-ಖರ್ಚು ಒಪ್ಪವಾಯಿತು. ಆ ಪುಸ್ತಕದಲ್ಲಿ ಕಾಣದಿದ್ದ ಕೊರತೆಯೆಲ್ಲ ಹಳ್ಳಿಯ ಮನೆಗಳ ಒಡವೆಯ ಪೆಟ್ಟಿಗೆಯಲ್ಲಿತ್ತು. ಕೊರತೆ ಇಂಗಿಹೋಗುವುದಿಲ್ಲ, ಓದುಗರೇ. ಸರಕಾರದ ಹೆಗಲಿನಿಂದ ಇಳಿದರೆ ಯಾರದೋ ಮನೆಯ ಹೆಗಲಿಗೆ ಏರುತ್ತದೆ.

ಇದೇ ಮುಗ್ಗಟ್ಟಿನ ನಡುವೆ, 1934ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು 'ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ' ಎಂಬ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿ, ಹತ್ತು ವರ್ಷಗಳ ಯೋಜನೆ ಹಾಕಿ ಕೈಗಾರಿಕೆ ಬೆಳೆಸಬೇಕೆಂದು ವಾದಿಸಿದರು. ಸ್ವಂತ ಬಾಳಿನಲ್ಲಿ ಅಷ್ಟು ಶಿಸ್ತಿನ ಲೆಕ್ಕವಿಟ್ಟವರು ನಾಡಿನ ಲೆಕ್ಕವನ್ನು ಬೇರೆ ಅಳತೆಯಿಂದ ಅಳೆದದ್ದನ್ನು ಗಮನಿಸಬೇಕು. ಆಳುವವರಿಗೆ ಅದು ಬೇಕಾಗಿರಲಿಲ್ಲ.

ಜರ್ಮನಿಯ ಕಥೆಯನ್ನು ಉದ್ದ ಮಾಡುವುದಿಲ್ಲ. 1923ರ ಬೆಲೆಯೇರಿಕೆಯಲ್ಲಿ ನೋಟು ಕಸವಾದದ್ದನ್ನು ಕಂಡಿದ್ದ ಆ ದೇಶ ಕೊರತೆಯೆಂದರೆ ನಡುಗುತ್ತಿತ್ತು. 1930ರಿಂದ 32ರವರೆಗೆ ಪ್ರಧಾನಿಯಾಗಿದ್ದ ಬ್ರ್ಯೂನಿಂಗ್ ತುರ್ತುಶಾಸನಗಳ ಮೇಲೆ ಶಾಸನ ಹೊರಡಿಸಿ ಸಂಬಳ, ಪಿಂಚಣಿ, ಭತ್ಯಗಳನ್ನು ಕಡಿದ. ನಿರುದ್ಯೋಗಿಗಳು ಅರುವತ್ತು ಲಕ್ಷವಾದರು. 1928ರಲ್ಲಿ ಬರಿಯ 12 ಸ್ಥಾನ ಪಡೆದಿದ್ದ ಹಿಟ್ಲರನ ಪಕ್ಷ 1932ರ ಜುಲೈಯಲ್ಲಿ 230 ಸ್ಥಾನ ಪಡೆಯಿತು. ಇದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಹಸಿದ ಹೊಟ್ಟೆ ಅವುಗಳಲ್ಲಿ ಸಣ್ಣದಲ್ಲ.

ಅಮೆರಿಕೆಯ ಉದಾಹರಣೆ ಮಾತ್ರ ಬಿಡುವಂತಿಲ್ಲ. ಅಲ್ಲಿ ಒಂದೇ ಸರಕಾರ ಎರಡೂ ದಾರಿ ಹಿಡಿದು ನೋಡಿತು. 1932ರ ಚುನಾವಣೆಯಲ್ಲಿ ಖರ್ಚು ಕಡಿಯುತ್ತೇನೆಂದು ಮಾತು ಕೊಟ್ಟೇ ಗೆದ್ದ ರೂಸ್ವೆಲ್ಟ್, ಗದ್ದುಗೆಯೇರಿದ ಮೇಲೆ ಸಾಲ ತೆಗೆದು ರಸ್ತೆ, ಅಣೆಕಟ್ಟು, ಶಾಲೆ ಕಟ್ಟಿಸಿದ. ನಾಲ್ಕು ವರ್ಷಗಳಲ್ಲಿ ನಿರುದ್ಯೋಗ ನೂರಕ್ಕೆ 25ರಿಂದ 14ರ ಸುಮಾರಿಗೆ ಇಳಿಯಿತು. ರೋಗಿ ಎದ್ದು ಕುಳಿತ, ಇನ್ನು ಪಥ್ಯ ಸಾಕು ಎಂದು ಅರ್ಥಸಚಿವ ಮಾರ್ಗೆಂಥೋ ಮೊದಲಾದವರು ಒತ್ತಾಯಿಸಿದರು. 1937ರಲ್ಲಿ ಕಾಮಗಾರಿಗಳನ್ನು ಕಡಮೆ ಮಾಡಿದರು. ಸಾಮಾಜಿಕ ವಿಮೆಗೆಂದು ಸಂಬಳದಲ್ಲಿ ಹೊಸ ತೆರಿಗೆ ಹಿಡಿಯತೊಡಗಿದರು. ಬ್ಯಾಂಕುಗಳ ಕೈಯನ್ನೂ ಬಿಗಿದರು. ವರ್ಷ ತುಂಬುವುದರೊಳಗೆ ಕಾರಖಾನೆಗಳ ಉತ್ಪನ್ನ ಮೂರರಲ್ಲಿ ಒಂದು ಪಾಲು ಕುಸಿಯಿತು, ನಿರುದ್ಯೋಗ ಮತ್ತೆ ನೂರಕ್ಕೆ 19ಕ್ಕೆ ಹಾರಿತು. 1938ರ ಏಪ್ರಿಲಿನಲ್ಲಿ ರೂಸ್ವೆಲ್ಟ್ ಪುನಃ ಖರ್ಚಿನ ದಾರಿ ಹಿಡಿದ. ಆ ಬೇಸಗೆಯಲ್ಲಿ ಇಳಿತ ನಿಂತಿತು.

ಹಾಗಾದರೆ ಸರಕಾರ ಸಾಲ ಮಾಡಿ ತುಪ್ಪ ತಿನ್ನಲಿ ಎಂದು ನಾನು ಹೇಳುತ್ತಿದ್ದೇನೆಂದು ಧಾರವಾಡದ ಹಿರಿಯರು ತಿಳಿಯಬಾರದು. ಸುಗ್ಗಿಯ ಕಾಲದಲ್ಲಿ ಸಾಲ ಮಾಡಿದ ಮನೆಗೆ ಬರಗಾಲದಲ್ಲಿ ಯಾರೂ ಸಾಲ ಕೊಡುವುದಿಲ್ಲ. ನಮ್ಮ ದೇಶವೇ 1980ರ ದಶಕದ ಒಳ್ಳೆಯ ವರ್ಷಗಳಲ್ಲಿ ಕೈ ಮೀರಿ ಖರ್ಚು ಮಾಡಿ, 1991ರಲ್ಲಿ ಪರದೇಶದ ಹಣವಿಲ್ಲದೆ ರಿಜರ್ವ್ ಬ್ಯಾಂಕಿನ 47 ಟನ್ ಚಿನ್ನವನ್ನು ಹೊರದೇಶಕ್ಕೆ ಒಯ್ದು ಅಡವಿಡಬೇಕಾಯಿತು. ನೋಟು ನಮ್ಮದು, ಡಾಲರು ನಮ್ಮದಲ್ಲ; ಪರರ ನಾಣ್ಯದಲ್ಲಿ ಮಾಡಿದ ಸಾಲದ ಮುಂದೆ ಯಾವ ಕೇನ್ಸನ ಮಾತೂ ನಡೆಯದು. 2008ರ ಮುಗ್ಗಟ್ಟಿನಲ್ಲಿ ದಿಲ್ಲಿಯವರು ಸರಿಯಾದುದನ್ನೇ ಮಾಡಿದರು: ಅಬಕಾರಿ ಸುಂಕ ಇಳಿಸಿದರು, ಖರ್ಚು ಏರಿಸಿದರು, ವ್ಯಾಪಾರ ಬೇಗ ಎದ್ದಿತು. ಆದರೆ ಹಬ್ಬ ಮುಗಿದ ಮೇಲೂ ತೋರಣ ಬಿಚ್ಚಲಿಲ್ಲ. ಕೊರತೆ ಹಾಗೆಯೇ ಉಳಿದು, ಬೆಲೆಗಳು ಏರುತ್ತ ಹೋಗಿ, 2013ರ ಆಗಸ್ಟಿನಲ್ಲಿ ಡಾಲರಿಗೆ 68 ರೂಪಾಯಿಯ ಸಮೀಪ ಬಂದು ನಿಂತೆವು. ಕೈ ಬಿಗಿ ಹಿಡಿಯಬೇಕು, ಖಂಡಿತ. ಯಾವಾಗ ಎಂಬುದರಲ್ಲಿದೆ ಎಲ್ಲ ಜಾಣತನ. ಕೆಲಸ ತುಂಬಿದ ಕಾಲದಲ್ಲಿ ಕಡಿದ ಖರ್ಚು ಯಾರಿಗೂ ಅಷ್ಟಾಗಿ ನೋಯದು. ರಾಜಕಾರಣಿಗೆ ಮಾತ್ರ ಆ ಕಾಲದಲ್ಲೇ ಕತ್ತರಿ ಮರೆತುಹೋಗುತ್ತದೆ.

ಗ್ರೀಸ್ ದೇಶದ್ದೂ ಇದೇ ಪಾಡು, ಇನ್ನೂ ಕಠೋರವಾಗಿ. ಸ್ವಂತ ನಾಣ್ಯ ಬಿಟ್ಟು ಯೂರೋ ಹಿಡಿದಿದ್ದ ಆ ದೇಶ ಒಳ್ಳೆಯ ದಿನಗಳಲ್ಲಿ ಸಾಲ ಮಾಡಿ, ಲೆಕ್ಕವನ್ನೂ ಮರೆಮಾಚಿತ್ತು. 2010ರ ಮೇ ತಿಂಗಳಲ್ಲಿ 11,000 ಕೋಟಿ ಯೂರೋ ಸಾಲ ಕೊಟ್ಟ ಯೂರೋಪಿನವರೂ ಅಂತರರಾಷ್ಟ್ರೀಯ ಹಣಕಾಸು ನಿಧಿಯವರೂ ಕತ್ತರಿಯ ಷರತ್ತು ಹಾಕಿದರು. ಪಿಂಚಣಿ, ಸಂಬಳ, ಆಸ್ಪತ್ರೆ ಎಲ್ಲಕ್ಕೂ ಕಡಿತ. ದೇಶದ ಉತ್ಪನ್ನ ಕಾಲು ಭಾಗ ಕರಗಿತು. 2013ರಲ್ಲಿ ನಿರುದ್ಯೋಗ ನೂರಕ್ಕೆ 27ನ್ನು ದಾಟಿತು. ಸಾಲ ತಗ್ಗಿಸಲು ಮಾಡಿದ ಈ ಪಥ್ಯದಿಂದ, ದೇಶದ ಉತ್ಪನ್ನದ ಎದುರಿಗೆ ಸಾಲದ ಪ್ರಮಾಣ ಏರಿತೇ ಹೊರತು ಇಳಿಯಲಿಲ್ಲ. ಛೇದ ಕರಗಿದರೆ ಭಿನ್ನರಾಶಿ ದೊಡ್ಡದಾಗುತ್ತದೆಂಬುದನ್ನು ಐದನೆಯ ಇಯತ್ತೆಯ ಹುಡುಗನೂ ಹೇಳಿಯಾನು. 2013ರಲ್ಲಿ ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞ ಬ್ಲಾಂಶಾರ್ ತನ್ನ ಸಹೋದ್ಯೋಗಿಯೊಡನೆ ಬರೆದ ಪ್ರಬಂಧದಲ್ಲಿ, ಮುಗ್ಗಟ್ಟಿನ ನಡುವೆ ಖರ್ಚು ಕಡಿದರೆ ಆಗುವ ಹಾನಿಯನ್ನು ಭವಿಷ್ಯ ಹೇಳುವವರು ಕಡಮೆಯಾಗಿ ಅಂದಾಜಿಸಿದ್ದರೆಂದು ತೋರಿಸಿದ. ಅಷ್ಟರಲ್ಲಿ ಗ್ರೀಸಿನ ಎಷ್ಟೋ ತರುಣರು ಕೆಲಸ ಹುಡುಕಿಕೊಂಡು ಜರ್ಮನಿಗೆ, ಇಂಗ್ಲಂಡಿಗೆ ಗಂಟು ಕಟ್ಟಿ ಹೊರಟಾಗಿತ್ತು. ಆ ಗಂಟಿನ ಭಾರ ನಮ್ಮ ಓದುಗರಿಗೆ ಗೊತ್ತು.

ಕೊನೆಗೆ 2020. ಮಹಾಮಾರಿ ಬಂದು ಮುಂಬಯಿ, ಪುಣೆಗಳ ಕಟ್ಟಡದ ಕೆಲಸ ನಿಂತು, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಕೂಲಿಯ ಜನ ಊರಿಗೆ ಮರಳಿದ ವರ್ಷ. ಆ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಉದ್ಯೋಗ ಖಾತರಿ ಯೋಜನೆಗೆ 40,000 ಕೋಟಿ ರೂಪಾಯಿಯನ್ನು ಹೆಚ್ಚಾಗಿ ಕೊಟ್ಟಿತು. ಕೆರೆ ಹೂಳೆತ್ತುವ, ಬದು ಕಟ್ಟುವ ಕೂಲಿ ಆ ಹಳ್ಳಿಗಳ ಒಲೆಗಳನ್ನು ಆರದಂತೆ ಹಿಡಿಯಿತು. ರೇಶನ್ ಅಂಗಡಿಯಲ್ಲಿ ತಲೆಗೆ 5 ಕಿಲೊ ಧಾನ್ಯ ಪುಕ್ಕಟೆ ಸಿಕ್ಕಿತು. ಆ ವರ್ಷದ ಕೊರತೆ ದೇಶದ ಉತ್ಪನ್ನದ ನೂರಕ್ಕೆ 9.2 ಆಯಿತು. ಕೊರತೆಯಾಗಲೆಂದು ಬಿಟ್ಟದ್ದೇ ಆ ವರ್ಷದ ವಿವೇಕ. ಕೆಲವರ ಪ್ರಕಾರ ಇನ್ನೂ ಹೆಚ್ಚು ಬಿಡಬೇಕಾಗಿತ್ತು, ನನ್ನ ಅಭಿಪ್ರಾಯವೂ ಅದೇ.

ಅದೇ ಕೈ ಇನ್ನೊಂದು ಕಡೆ 1931ರ ಕತ್ತರಿಯನ್ನೂ ಹುಡುಕಿ ತೆಗೆಯಿತು. 2020ರ ಏಪ್ರಿಲಿನಲ್ಲಿ, ಕೇಂದ್ರ ಸರಕಾರದ ನೌಕರರಿಗೂ ಪಿಂಚಣಿದಾರರಿಗೂ ಆ ವರ್ಷದ ಜನವರಿಯಿಂದ ಸಲ್ಲಬೇಕಾಗಿದ್ದ ತುಟ್ಟಿಭತ್ಯದ ಏರಿಕೆಯನ್ನು ತಡೆಹಿಡಿದರು. ಹದಿನೆಂಟು ತಿಂಗಳು, ಮೂರು ಕಂತು. ಹೀಗೆ ಉಳಿದದ್ದು 34,000 ಕೋಟಿ ರೂಪಾಯಿಗೂ ಹೆಚ್ಚು. ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ರೈಲ್ವೆ, ಟಪ್ಪಾಲು, ಗೋದಿ ಮುಂತಾದ ಖಾತೆಗಳಿಂದ ನಿವೃತ್ತರಾದವರು ಎಷ್ಟು ಜನರಿಲ್ಲ? ಪಿಂಚಣಿದಾರ ಕೈಗೆ ಬಂದ ಹಣವನ್ನು ಹೂತಿಡುವವನಲ್ಲ. ಔಷಧದ ಅಂಗಡಿಗೆ, ಕಿರಾಣಿಯವನಿಗೆ, ಕೆಲಸದವಳಿಗೆ, ಮೊಮ್ಮಗನ ಫೀಸಿಗೆ ಅದು ಆ ತಿಂಗಳೇ ಹರಿದುಹೋಗುತ್ತದೆ. ಅಂಗಡಿಗಳು ಗಿರಾಕಿಯಿಲ್ಲದೆ ನೊಣ ಹೊಡೆಯುತ್ತಿದ್ದ ಕಾಲದಲ್ಲಿ ಆ ಹರಿವನ್ನೇ ಕಟ್ಟಿದ್ದು ಯಾವ ಲೆಕ್ಕ? ಮಹಾಮಾರಿಯ ಖರ್ಚಿಗೆ ಹಣ ಬೇಕಾಗಿತ್ತೆಂಬುದು ಸರಕಾರದ ಉತ್ತರ. ಬೇಕಾಗಿತ್ತು, ನಿಜ. ಅದೇ ವರ್ಷ ಲಕ್ಷಾಂತರ ಕೋಟಿ ಸಾಲ ಎತ್ತಿದವರಿಗೆ ಈ 34,000 ಕೋಟಿ ಎತ್ತುವುದು ಕಷ್ಟವಾಗಿತ್ತೆಂದರೆ ನಂಬಲಾಗದು.

2021ರ ಜುಲೈಯಿಂದ ಭತ್ಯವನ್ನು ನೂರಕ್ಕೆ 17ರಿಂದ 28ಕ್ಕೆ ಏರಿಸಿದರು. ಆ ಹದಿನೆಂಟು ತಿಂಗಳ ಬಾಕಿಯನ್ನು ಕೊಡುವುದು ಸಾಧ್ಯವಿಲ್ಲವೆಂದು ಆಮೇಲೆ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾರೆ. ಅಷ್ಟರಲ್ಲಿ ತೀರಿಕೊಂಡ ಪಿಂಚಣಿದಾರರ ಮನೆಗಳಲ್ಲಿ ಆ ಲೆಕ್ಕವನ್ನು ಯಾರೂ ಕೇಳುತ್ತಿಲ್ಲ.

ಸಂಪಾದಕರು ಕೊಟ್ಟ ಪುಟ ತುಂಬಿತು. ಸಾಲದ ಬಡ್ಡಿಯನ್ನು ಯಾರು ಕಟ್ಟುತ್ತಾರೆ, ಬೆಲೆಯೇರಿಕೆ ಯಾರ ಕಿಸೆಯಿಂದ ಎಷ್ಟು ಒಯ್ಯುತ್ತದೆ ಎಂಬ ಮಾತು ಮುಂದಿನ ಸಂಚಿಕೆಗೆ.